ಹರಳಿನ ಗುಣ, ಗುಳಿಗೆಯ ಬೆಲೆ

1972ರ ಸುಮಾರು. ಅಮೆರಿಕದ ಶಿಕಾಗೋ ನಗರದಲ್ಲಿ ಒಂದು ಮನೆ. ಊಟದ ಮೇಜಿನ ತುಂಬ ಫೋಟೊಗಳು ಹರಡಿವೆ. ಜಾನೆಟ್ ರೌಲಿ ಎಂಬ ವೈದ್ಯೆ ಕತ್ತರಿ ಹಿಡಿದು, ಆ ಫೋಟೊಗಳಲ್ಲಿರುವ ಪುಟಾಣಿ ಕಡ್ಡಿಗಳಂಥ ಆಕಾರಗಳನ್ನು ಒಂದೊಂದಾಗಿ ಕತ್ತರಿಸಿ ಜೋಡಿ ಜೋಡಿಯಾಗಿ ಇಡುತ್ತಿದ್ದಾರೆ. ಅಮ್ಮ ಕಾಗದದ ಗೊಂಬೆಯಾಟ ಆಡುತ್ತಿದ್ದಾಳೆ ಎಂದು ಮಕ್ಕಳು ಛೇಡಿಸುತ್ತಿದ್ದರಂತೆ.

ಆ ಕಡ್ಡಿಗಳು ಮನುಷ್ಯನ ವರ್ಣತಂತುಗಳು. ರಕ್ತದ ಕ್ಯಾನ್ಸರ್ ಬಂದವರ ಜೀವಕೋಶಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ತೆಗೆದ ಚಿತ್ರಗಳು. ಅದಕ್ಕೆ ಹನ್ನೆರಡು ವರ್ಷ ಮೊದಲು, 1960ರಲ್ಲಿ, ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬಿಬ್ಬರು ಒಂದು ವಿಚಿತ್ರವನ್ನು ಗಮನಿಸಿದ್ದರು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್ ಎಂಬ ಬಗೆಯ ರಕ್ತಕ್ಯಾನ್ಸರ್ ಇರುವವರ ಜೀವಕೋಶಗಳಲ್ಲಿ ಒಂದು ವರ್ಣತಂತು ಮೊಟಕಾಗಿತ್ತು. ಅದಕ್ಕೆ ಫಿಲಡೆಲ್ಫಿಯಾ ವರ್ಣತಂತು ಎಂದೇ ಹೆಸರಾಯಿತು. ತುಂಡಾದ ಭಾಗ ಏನಾಯಿತು ಎಂದು ಯಾರಿಗೂ ತಿಳಿದಿರಲಿಲ್ಲ. ಅದು ಕಳೆದುಹೋಗಿಲ್ಲ ಎಂಬುದು ರೌಲಿಯವರಿಗೆ ಊಟದ ಮೇಜಿನ ಮೇಲೆ ಕಂಡಿತು. 22ನೇ ವರ್ಣತಂತುವಿನ ಚೂರು ಹೋಗಿ 9ನೆಯದಕ್ಕೆ ಅಂಟಿಕೊಂಡಿತ್ತು. ಒಡೆದ ಬದುವಿನ ಮಣ್ಣು ಪಕ್ಕದ ಹೊಲಕ್ಕೆ ಸೇರಿದ ಹಾಗೆ. 1973ರಲ್ಲಿ ಅವರು ಇದನ್ನು ಪ್ರಕಟಿಸಿದರು. ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಅದನ್ನು ಓದಬಹುದಿತ್ತು, ಅದರ ಮೇಲೆ ಮುಂದಿನ ಕಲ್ಲು ಇಡಬಹುದಿತ್ತು.

ಈ ಅಧ್ಯಾಯ ಔಷಧಗಳ ಬೆಲೆಯನ್ನು ಕುರಿತದ್ದು. ಬೆಲೆಯ ಕಥೆಯನ್ನು ಇಲ್ಲಿಂದ ಶುರುಮಾಡಲು ಕಾರಣವಿದೆ. ಆ ಮೇಜಿನಿಂದ ಹೊರಟ ದಾರಿ ಒಂದು ಗುಳಿಗೆಗೆ ತಲುಪಿತು. ಆ ಗುಳಿಗೆ ಸಾವಿನ ಬಾಗಿಲಲ್ಲಿದ್ದವರನ್ನು ಮನೆಗೆ ಕಳಿಸಿತು. ಅದೇ ಗುಳಿಗೆ ಭಾರತದಲ್ಲಿ ತಿಂಗಳಿಗೆ 1,20,000 ರೂಪಾಯಿಗೂ ಸಿಕ್ಕಿತು, 8,000 ರೂಪಾಯಿಗೂ ಸಿಕ್ಕಿತು. ಎರಡರೊಳಗಿದ್ದ ಔಷಧದ ಅಣು ಒಂದೇ. ಹಾಗಾದರೆ ಬೆಲೆ ಎಲ್ಲಿತ್ತು?

ಕಚ್ಚಿಕೊಂಡ ಸ್ವಿಚ್ಚು

ನಮ್ಮ ಅಸ್ಥಿಮಜ್ಜೆ ಹಗಲೂ ರಾತ್ರಿ ರಕ್ತಕಣಗಳನ್ನು ತಯಾರಿಸುತ್ತಲೇ ಇರುತ್ತದೆ. ಬೇಕಾದಷ್ಟೇ ತಯಾರಾಗಲಿ ಎಂದು ಜೀವಕೋಶದೊಳಗೆ ಸ್ವಿಚ್ಚುಗಳಂಥ ಪ್ರೋಟೀನುಗಳಿವೆ. ಎಬಿಎಲ್ ಎಂಬುದು ಅಂಥ ಒಂದು ಸ್ವಿಚ್ಚು. ಅಗತ್ಯವಿದ್ದಾಗ ಹೊತ್ತಿಕೊಳ್ಳುತ್ತದೆ, ಕೆಲಸ ಮುಗಿದೊಡನೆ ಆರುತ್ತದೆ. 22ನೇ ಮತ್ತು 9ನೇ ವರ್ಣತಂತುಗಳ ಚೂರು ಅದಲುಬದಲಾದಾಗ ಈ ಎಬಿಎಲ್ ಜೀನು ಹೋಗಿ ಬಿಸಿಆರ್ ಎಂಬ ಇನ್ನೊಂದಕ್ಕೆ ಬೆಸೆದುಕೊಳ್ಳುತ್ತದೆ. ಈ ಬೆಸುಗೆಯಿಂದ ಹುಟ್ಟುವ ಪ್ರೋಟೀನಿಗೆ ಆರುವುದೇ ಗೊತ್ತಿಲ್ಲ.

ಪಂಪ್‌ಸೆಟ್ಟಿನ ಸ್ಟಾರ್ಟರ್ ಬಟನ್ನು ಒತ್ತಿದ ಹಾಗೇ ಕಚ್ಚಿಕೊಂಡರೆ ಏನಾಗುತ್ತದೆ ಎಂಬುದು ರೈತರಿಗೆ ಗೊತ್ತು. ತೊಟ್ಟಿ ತುಂಬಿದರೂ ಮೋಟಾರು ನಿಲ್ಲುವುದಿಲ್ಲ. ನೀರು ಉಕ್ಕಿ, ಬದು ಒಡೆದು, ಬೆಳೆ ಮುಳುಗುತ್ತದೆ. ಸಿಎಂಎಲ್ ಅಂದರೆ ಅದೇ. ಬಿಳಿ ರಕ್ತಕಣಗಳು ಉಕ್ಕುತ್ತಲೇ ಹೋಗುತ್ತವೆ. ಮೊದಲ ಕೆಲವು ವರ್ಷ ರೋಗ ನಿಧಾನವಾಗಿ ನಡೆಯುತ್ತದೆ, ಆಮೇಲೆ ಓಡುತ್ತದೆ. ಅಸ್ಥಿಮಜ್ಜೆಯನ್ನೇ ಬದಲಾಯಿಸುವ ಕಷ್ಟದ ಚಿಕಿತ್ಸೆಗೆ ಒಗ್ಗದವರಿಗೆ ಹಿಂದೆ ಹೆಚ್ಚು ಭರವಸೆ ಇರಲಿಲ್ಲ.

ಆರದ ಸ್ವಿಚ್ಚನ್ನು ಆರಿಸುವುದು ಹೇಗೆ? ಈ ಪ್ರೋಟೀನಿನಲ್ಲಿ ಒಂದು ಗೂಡು ಇದೆ. ಎಟಿಪಿ ಎಂಬ ಇಂಧನದ ಅಣು ಬಂದು ಅಲ್ಲಿ ಕೂತರಷ್ಟೇ ಸ್ವಿಚ್ಚು ಕೆಲಸ ಮಾಡುತ್ತದೆ. ಆ ಗೂಡಿನ ಅಳತೆಗೆ ಸರಿಯಾದ ಬೆಣೆಯೊಂದನ್ನು ಹೊಡೆದುಬಿಟ್ಟರೆ ಇಂಧನಕ್ಕೆ ಜಾಗವೇ ಇರುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ-ಗೈಗಿ ಕಂಪನಿಯಲ್ಲಿ ನಿಕೋಲಸ್ ಲೈಡನ್, ಯೂರ್ಗ್ ಜಿಮ್ಮರ್‌ಮನ್ ಮತ್ತು ಸಂಗಡಿಗರು ಇಂಥ ಬೆಣೆಗಳನ್ನು ಹುಡುಕುತ್ತಿದ್ದರು. ಅವರ ಅಣುಗಳನ್ನು ಸಿಎಂಎಲ್ ಜೀವಕೋಶಗಳ ಮೇಲೆ ಪರೀಕ್ಷಿಸಿ, ಇದೇ ಔಷಧ ಎಂದು ಹಟ ಹಿಡಿದವರು ಅಮೆರಿಕದ ವೈದ್ಯ ಬ್ರಯಾನ್ ಡ್ರುಕರ್. 1996ರಲ್ಲಿ ಸೀಬಾ-ಗೈಗಿ ಮತ್ತು ಸ್ಯಾಂಡೋಜ್ ಒಂದಾಗಿ ನೊವಾರ್ಟಿಸ್ ಆಯಿತು. ಸಿಎಂಎಲ್ ವಿರಳ ಕಾಯಿಲೆ, ಮಾರುಕಟ್ಟೆ ಚಿಕ್ಕದು ಎಂದು ಕಂಪನಿ ಹಿಂದೆಮುಂದೆ ನೋಡುತ್ತಿತ್ತು. ಡ್ರುಕರ್ ಬಿಡಲಿಲ್ಲ. 1998ರಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು.

ಫಲಿತಾಂಶ ಕಂಡು ವೈದ್ಯಲೋಕ ಬೆರಗಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ರೋಗಿಗಳ ಪೈಕಿ 53 ಮಂದಿಯ ರಕ್ತಕಣಗಳ ಲೆಕ್ಕ ಸರಿಹೋಗಿತ್ತು. 2001ರ ಮೇ ತಿಂಗಳಲ್ಲಿ ಅಮೆರಿಕ ಈ ಔಷಧಕ್ಕೆ ಅನುಮತಿ ಕೊಟ್ಟಿತು. ಅಣುವಿನ ಹೆಸರು ಇಮಾಟಿನಿಬ್. ಕಂಪನಿ ಇಟ್ಟ ಹೆಸರು ಗ್ಲಿವೆಕ್. ಇದು ರೋಗವನ್ನು ಬೇರುಸಹಿತ ಕಿತ್ತೊಗೆಯುವುದಿಲ್ಲ, ಸ್ವಿಚ್ಚನ್ನು ಆರಿಸಿ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಹೆಚ್ಚಿನವರು ಇದನ್ನು ದಿನವೂ, ವರ್ಷಗಟ್ಟಲೆ ನುಂಗಬೇಕು. ನುಂಗಿದರೆ ಉಳಿದವರ ಹಾಗೆಯೇ ಬಾಳಬಹುದು.

ತಿಂಗಳಿಗೆ 1,20,000 ರೂಪಾಯಿ, ಅದೂ ಬದುಕಿರುವಷ್ಟು ದಿನ. ಹೊಲ ಮಾರಿ ಒಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಪ್ರತಿ ತಿಂಗಳೂ ಮಾರಲು ಹೊಲ ಯಾರ ಬಳಿ ಇದೆ?

ಮೈಸೂರು ಪಾಕಿನ ಲೆಕ್ಕ

ಪೇಟೆಂಟ್ ಎಂದರೆ ಸಮಾಜ ಮತ್ತು ಸಂಶೋಧಕರ ನಡುವಿನ ಕರಾರು. ನೀನು ಕಂಡುಹಿಡಿದದ್ದರ ಗುಟ್ಟನ್ನು ಎಲ್ಲರೆದುರು ಬಿಚ್ಚಿಡು, ಅದಕ್ಕೆ ಪ್ರತಿಯಾಗಿ ಇಷ್ಟು ವರ್ಷ ಬೇರೆ ಯಾರೂ ಅದನ್ನು ತಯಾರಿಸಿ ಮಾರದಂತೆ ನೋಡಿಕೊಳ್ಳುತ್ತೇವೆ. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು. ಇದರಲ್ಲಿ ಅನ್ಯಾಯವೇನೂ ಇಲ್ಲ. ಹೊಸದನ್ನು ಹುಡುಕುವವರಿಗೆ ಪ್ರತಿಫಲ ಬೇಕು. ಆದರೆ ಕರಾರು ಎಂದ ಮೇಲೆ ಅದರ ಷರತ್ತುಗಳನ್ನು ಇಬ್ಬರೂ ಕೂತು ಬರೆಯಬೇಕು. ಬಡ ದೇಶಗಳ ಪಾಲಿಗೆ ಆ ಷರತ್ತುಗಳನ್ನು ಬಹುಕಾಲ ಬೇರೆಯವರೇ ಬರೆದಿದ್ದರು.

ಸ್ವಾತಂತ್ರ್ಯ ಬಂದಾಗ ನಮ್ಮಲ್ಲಿದ್ದದ್ದು 1911ರ ಬ್ರಿಟಿಷ್ ಕಾಯಿದೆ. ಅದನ್ನು ಪರಿಶೀಲಿಸಲು ಸರ್ಕಾರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರನ್ನು ನೇಮಿಸಿತು. 1959ರಲ್ಲಿ ಅವರು ಕೊಟ್ಟ ವರದಿ ಇಂದಿಗೂ ಈ ಕ್ಷೇತ್ರದ ತಳಪಾಯ. ಭಾರತದ ಪೇಟೆಂಟ್‌ಗಳಲ್ಲಿ ಶೇ. 80ರಿಂದ 90ರಷ್ಟು ವಿದೇಶಿಯರ ಕೈಯಲ್ಲಿವೆ, ಅವುಗಳಲ್ಲಿ ಬಹುಪಾಲು ಇಲ್ಲಿ ತಯಾರಿಕೆಗೇ ಬಳಕೆಯಾಗುತ್ತಿಲ್ಲ ಎಂದು ಅವರು ತೋರಿಸಿದರು. ಪೇಟೆಂಟ್ ಇರುವುದು ಇಲ್ಲಿ ವಸ್ತು ತಯಾರಾಗಲಿ ಎಂದಲ್ಲ, ತಯಾರಾಗದಿರಲಿ ಎಂದು ಎಂಬಂಥ ಸ್ಥಿತಿ. ಆ ಕಾಲದಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಔಷಧ ಬೆಲೆಗಳನ್ನು ತನಿಖೆ ಮಾಡಿದಾಗ, ಬಡವರೇ ಹೆಚ್ಚಿದ್ದ ಭಾರತ ಔಷಧ ಅತ್ಯಂತ ದುಬಾರಿಯಾದ ದೇಶಗಳ ಸಾಲಿನಲ್ಲಿತ್ತು.

ಅಯ್ಯಂಗಾರ್ ವರದಿಯ ಬೆನ್ನ ಮೇಲೆ 1970ರ ಪೇಟೆಂಟ್ ಕಾಯಿದೆ ಬಂತು. 1972ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರ ಜೀವಾಳವನ್ನು ಮೈಸೂರು ಪಾಕಿನಿಂದ ವಿವರಿಸಬಹುದು. ನೀವು ಮೈಸೂರು ಪಾಕನ್ನು ಮೊದಲ ಬಾರಿಗೆ ಮಾಡಿದಿರಿ ಎಂದುಕೊಳ್ಳಿ. ಕಡಲೆಹಿಟ್ಟು, ತುಪ್ಪ, ಸಕ್ಕರೆಯನ್ನು ಯಾವ ಹದದಲ್ಲಿ ಬೆರೆಸಬೇಕು ಎಂಬ ನಿಮ್ಮ ವಿಧಾನಕ್ಕೆ ಪೇಟೆಂಟ್ ಕೊಟ್ಟರೆ ಅದು ವಿಧಾನದ ಪೇಟೆಂಟ್. ಪಕ್ಕದ ಬೀದಿಯ ಬಾಣಸಿಗ ಬೇರೆ ಹದ, ಬೇರೆ ದಾರಿ ಹುಡುಕಿ ಅದೇ ಮೈಸೂರು ಪಾಕ್ ಮಾಡಿ ಮಾರಬಹುದು. ಮೈಸೂರು ಪಾಕಿಗೇ ಪೇಟೆಂಟ್ ಕೊಟ್ಟರೆ ಅದು ಉತ್ಪನ್ನದ ಪೇಟೆಂಟ್. ಆಗ ಯಾವ ವಿಧಾನದಿಂದಲೂ ಬೇರೊಬ್ಬರು ಅದನ್ನು ಮಾಡುವಂತಿಲ್ಲ. 1970ರ ಕಾಯಿದೆ ಔಷಧ ಮತ್ತು ಆಹಾರಕ್ಕೆ ವಿಧಾನದ ಪೇಟೆಂಟ್ ಮಾತ್ರ ಕೊಟ್ಟಿತು, ಅದೂ ಹೆಚ್ಚೆಂದರೆ ಏಳು ವರ್ಷ.

ಹೀಗೆ ಮಾಡಿದ್ದು ನಾವೊಬ್ಬರೇ ಅಲ್ಲ. ಔಷಧದ ಉತ್ಪನ್ನಕ್ಕೆ ಪೇಟೆಂಟ್ ಕೊಡಲು ಜರ್ಮನಿ ಒಪ್ಪಿದ್ದು 1968ರಲ್ಲಿ, ಸ್ವಿಟ್ಜರ್ಲೆಂಡ್ 1977ರಲ್ಲಿ, ಇಟಲಿ 1978ರಲ್ಲಿ. ಬಾಸೆಲ್ ನಗರದ ದೈತ್ಯ ಕಂಪನಿಗಳು ಬೆಳೆದು ದೊಡ್ಡದಾದದ್ದು ಉತ್ಪನ್ನದ ಪೇಟೆಂಟ್ ಇಲ್ಲದ ದೇಶದಲ್ಲೇ. ತಮ್ಮ ರಸಾಯನ ಉದ್ಯಮ ಕಾಲ ಮೇಲೆ ನಿಲ್ಲುವವರೆಗೆ ಆ ದೇಶಗಳು ಕಾದವು. ಭಾರತವೂ ಅದೇ ದಾರಿ ಹಿಡಿಯಿತು. ನಮ್ಮ ರಸಾಯನಶಾಸ್ತ್ರಜ್ಞರು ಹೊಸ ಹೊಸ ದಾರಿಗಳಿಂದ ಅದೇ ಔಷಧಗಳನ್ನು ತಯಾರಿಸುವುದರಲ್ಲಿ ಪಳಗಿದರು. ಆ ಪಳಗಿದ ಕೈಗಳ ಬೆಲೆ ಏನೆಂದು ಜಗತ್ತಿಗೆ ತಿಳಿಯಲು ಒಂದು ಮಹಾಮಾರಿ ಬರಬೇಕಾಯಿತು.

ದಿನಕ್ಕೆ ಒಂದು ಡಾಲರ್

1996ರಲ್ಲಿ ಕೆನಡಾದ ವ್ಯಾಂಕೂವರ್ ಸಮ್ಮೇಳನದಲ್ಲಿ ಏಡ್ಸ್ ರೋಗಿಗಳಿಗೆ ಒಳ್ಳೆಯ ಸುದ್ದಿ ಬಂತು. ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಎಚ್‌ಐವಿ ತಲೆಯೆತ್ತದಂತೆ ಒತ್ತಿ ಹಿಡಿಯಬಹುದು. ಶ್ರೀಮಂತ ದೇಶಗಳಲ್ಲಿ ಸಾವು ಥಟ್ಟನೆ ಇಳಿಯಿತು. ಆದರೆ ಈ ಚಿಕಿತ್ಸೆಗೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೇಕಿತ್ತು. ಆಫ್ರಿಕದ ಹಳ್ಳಿಗಳಲ್ಲಿ ಶವಪೆಟ್ಟಿಗೆ ಮಾಡುವ ಬಡಗಿಗಳಿಗೆ ಬಿಡುವಿಲ್ಲದ ಕಾಲ ಅದು. ಔಷಧ ಇರುವುದು ಒಂದು ಖಂಡದಲ್ಲಿ, ರೋಗಿಗಳಿರುವುದು ಇನ್ನೊಂದರಲ್ಲಿ.

ಅಗ್ಗದ ಔಷಧ ತರಿಸಿಕೊಳ್ಳಲು ದಕ್ಷಿಣ ಆಫ್ರಿಕ 1997ರಲ್ಲಿ ತನ್ನ ಕಾಯಿದೆಯನ್ನು ತಿದ್ದಿತು. ಮರುವರ್ಷ ಔಷಧ ಕಂಪನಿಗಳು ಆ ಸರ್ಕಾರದ ವಿರುದ್ಧ ನ್ಯಾಯಾಲಯಕ್ಕೆ ಹೋದವು. ದಾವೆ ಹೂಡಿದ ಕಂಪನಿಗಳ ಸಂಖ್ಯೆ ಸುಮಾರು 39. ಅಲ್ಲಿನ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಸಂಘಟನೆ ಬೀದಿಗಿಳಿಯಿತು. ಅದರ ಮುಂದಾಳು ಜ್ಯಾಕಿ ಅಖ್ಮತ್ ಸ್ವತಃ ಎಚ್‌ಐವಿ ಸೋಂಕಿತರು. ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಸಿಗುವವರೆಗೆ ತಾನೂ ಈ ಔಷಧ ಮುಟ್ಟುವುದಿಲ್ಲ ಎಂದು ಅವರು ಶಪಥ ಮಾಡಿದರು.

2001ರ ಫೆಬ್ರುವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಒಂದು ಬೆಲೆ ಹೇಳಿದರು. ಮೂರೂ ಔಷಧ ಸೇರಿ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರ್. ದಿನಕ್ಕೆ ಒಂದು ಡಾಲರಿಗೂ ಕಡಿಮೆ. ಈ ಬೆಲೆ ಆ ಗಳಿಗೆಯಲ್ಲಿ ಹುಟ್ಟಿದ್ದಲ್ಲ. ಎಚ್‌ಐವಿಯ ಮೊದಲ ಔಷಧ ಎಜೆಡ್‌ಟಿಯನ್ನು ತಯಾರಿಸುವ ವಿಧಾನವನ್ನು ಹೈದರಾಬಾದಿನ ಸರ್ಕಾರಿ ಪ್ರಯೋಗಾಲಯದಲ್ಲಿ ಎ.ವಿ. ರಾಮರಾವ್ ಮತ್ತು ಸಂಗಡಿಗರು ರೂಪಿಸಿದ್ದರು. ಸಿಪ್ಲಾ ಅದನ್ನು 1993ರಲ್ಲೇ ಮಾರುಕಟ್ಟೆಗೆ ತಂದಿತ್ತು.

ಇಲ್ಲಿ ವಿಜ್ಞಾನಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಸ್ಟ್ಯಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಎಂಬ ಆ ಮೂರು ಔಷಧಗಳ ಪೇಟೆಂಟ್ ಹೊರದೇಶಗಳಲ್ಲಿ ಮೂರು ಬೇರೆ ಬೇರೆ ಕಂಪನಿಗಳ ಕೈಯಲ್ಲಿತ್ತು. ಆದ್ದರಿಂದ ಅಲ್ಲಿ ಮೂರನ್ನೂ ಸೇರಿಸಿ ಒಂದೇ ಮಾತ್ರೆ ಮಾಡುವುದು ಯಾರಿಂದಲೂ ಆಗಲಿಲ್ಲ. ಭಾರತದಲ್ಲಿ ಆ ಬೇಲಿಗಳಿರಲಿಲ್ಲ. ಮೂರೂ ಸೇರಿದ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿದರೆ ಸಾಕು ಎಂಬ ಸರಳ ಚಿಕಿತ್ಸೆ ಹುಟ್ಟಿದ್ದು ಇಲ್ಲಿ. ಓದುಬರಹ ಬಾರದವರೂ ಮರೆಯದೆ ನುಂಗಬಹುದಾದ ಚಿಕಿತ್ಸೆ. ಪೇಟೆಂಟ್ ಇದ್ದರಷ್ಟೇ ಹೊಸತು ಹುಟ್ಟುತ್ತದೆ ಎನ್ನುವವರು ಈ ಮಾತ್ರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2001ರ ಏಪ್ರಿಲ್‌ನಲ್ಲಿ ಕಂಪನಿಗಳು ದಕ್ಷಿಣ ಆಫ್ರಿಕದ ದಾವೆಯನ್ನು ಹಿಂತೆಗೆದುಕೊಂಡವು. ಅದೇ ವರ್ಷ ನವೆಂಬರ್‌ನಲ್ಲಿ ಕತಾರಿನ ದೋಹಾದಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಘಟನೆಯ ದೇಶಗಳು, ತಮ್ಮ ನಡುವಿನ ಪೇಟೆಂಟ್ ಒಪ್ಪಂದವು ಜನರ ಆರೋಗ್ಯ ಕಾಯುವ ಸರ್ಕಾರದ ಕೈ ಕಟ್ಟಬಾರದು ಎಂದು ಒಪ್ಪಿ ಘೋಷಿಸಿದವು. 2017ರ ಹೊತ್ತಿಗೆ ಬಡ ದೇಶಗಳಿಗೆ ಹಿಂದಿಗಿಂತ ಉತ್ತಮವಾದ ಮೂರು ಔಷಧಗಳ ಮಾತ್ರೆ ವರ್ಷಕ್ಕೆ ಸುಮಾರು 75 ಡಾಲರಿಗೆ ಸಿಗುವಂತಾಯಿತು.

ಇಟ್ಟಿಗೆ ಅದೇ, ಪೇರಿಕೆ ಬೇರೆ

ಏಡ್ಸ್ ಔಷಧದ ಈ ಹೋರಾಟ ನಡೆಯುತ್ತಿದ್ದಾಗಲೇ ನಮ್ಮ ಪೇಟೆಂಟ್ ಕಾಯಿದೆ ಬದಲಾಗುವ ದಿನ ಹತ್ತಿರ ಬರುತ್ತಿತ್ತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಘಟನೆ ಹುಟ್ಟಿತು. ಅದರ ಸದಸ್ಯ ದೇಶಗಳು ಔಷಧದ ಉತ್ಪನ್ನಕ್ಕೂ 20 ವರ್ಷದ ಪೇಟೆಂಟ್ ಕೊಡಬೇಕು. ಭಾರತಕ್ಕೆ 2005ರವರೆಗೆ ಕಾಲಾವಕಾಶವಿತ್ತು. ಅಲ್ಲಿಯವರೆಗೆ ಬಂದ ಅರ್ಜಿಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿಟ್ಟು, ಆಮೇಲೆ ತೆರೆದು ನೋಡಬೇಕು.

ಇಮಾಟಿನಿಬ್ ಅಣುವಿನ ಮೂಲ ಪೇಟೆಂಟ್ 1995ಕ್ಕೂ ಹಿಂದಿನದು. ಹಾಗಾಗಿ ಭಾರತದಲ್ಲಿ ಅದಕ್ಕೆ ಪೇಟೆಂಟ್ ಸಿಗುವಂತಿರಲಿಲ್ಲ. 1998ರಲ್ಲಿ ನೊವಾರ್ಟಿಸ್ ಚೆನ್ನೈ ಕಚೇರಿಯಲ್ಲಿ ಬೇರೊಂದಕ್ಕೆ ಅರ್ಜಿ ಹಾಕಿತು. ಅದು ಇಮಾಟಿನಿಬ್ ಮೆಸಿಲೇಟ್ ಎಂಬ ಲವಣದ ಬೀಟಾ ಹರಳು.

ಇದೇನೆಂದು ಸ್ವಲ್ಪ ನಿಂತು ನೋಡೋಣ. ಶುದ್ಧ ಇಮಾಟಿನಿಬ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದು ಆಮ್ಲದೊಡನೆ ಕೂಡಿಸಿ ಲವಣ ಮಾಡಿದರೆ ಕರಗುತ್ತದೆ. ಅದು ಮೆಸಿಲೇಟ್. ಈ ಲವಣ ಹರಳುಗಟ್ಟುವಾಗ ಅದರ ಅಣುಗಳು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಪೇರಿಕೊಳ್ಳಬಲ್ಲವು. ಮನೆ ಕಟ್ಟುವವರು ಅಂಗಳದಲ್ಲಿ ಇಟ್ಟಿಗೆ ಇಳಿಸಿದ್ದನ್ನು ನೆನಪಿಸಿಕೊಳ್ಳಿ. ಒಬ್ಬ ಆಳು ಎಲ್ಲವನ್ನೂ ಒಂದೇ ದಿಕ್ಕಿಗೆ ಜೋಡಿಸಿದರೆ ರಾಶಿ ಅಲುಗಾಡುತ್ತದೆ. ಇನ್ನೊಬ್ಬ ಅಡ್ಡ ಒಂದು ಸಾಲು, ಉದ್ದ ಒಂದು ಸಾಲು ಇಟ್ಟರೆ ಮಳೆಗಾಲಕ್ಕೂ ಜಗ್ಗುವುದಿಲ್ಲ. ಇಟ್ಟಿಗೆ ಅದೇ, ಪೇರಿಕೆ ಬೇರೆ. ಬೀಟಾ ಹರಳು ಗಟ್ಟಿ ಪೇರಿಕೆ. ತೇವ ಹೀರುವುದು ಕಡಿಮೆ, ಪುಡಿ ಸರಾಗವಾಗಿ ಹರಿಯುತ್ತದೆ, ಕೆಡದೆ ಉಳಿಯುತ್ತದೆ. ಮಾತ್ರೆ ಒತ್ತುವ ಕಾರ್ಖಾನೆಗೆ ಇವೆಲ್ಲ ಬೇಕಾದ ಗುಣಗಳೇ.

ಪೇರಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. 1998ರಲ್ಲೇ ರಿಟೊನವಿರ್ ಎಂಬ ಎಚ್‌ಐವಿ ಔಷಧದ ಅಣುಗಳು ಕಾರ್ಖಾನೆಯಲ್ಲಿ ಇದ್ದಕ್ಕಿದ್ದಂತೆ ಹಿಂದೆಂದೂ ಕಾಣದ ರೀತಿಯಲ್ಲಿ ಪೇರಿಕೊಳ್ಳತೊಡಗಿದವು. ಹೊಸ ಹರಳು ಸರಿಯಾಗಿ ಕರಗುತ್ತಿರಲಿಲ್ಲ. ಅಬಾಟ್ ಕಂಪನಿ ಆ ಕ್ಯಾಪ್ಸೂಲನ್ನೇ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಅಂದರೆ ಹರಳಿನ ವಿಜ್ಞಾನ ನಿಜವಾದ ವಿಜ್ಞಾನ, ಅದರ ಹಿಂದೆ ಶ್ರಮವಿದೆ. ನಮ್ಮ ಮುಂದಿರುವ ಪ್ರಶ್ನೆ ಬೇರೆ. ಪೇರಿಕೆ ಬದಲಾಯಿತು ಎಂಬ ಕಾರಣಕ್ಕೆ ಇನ್ನೂ 20 ವರ್ಷ ಆ ಔಷಧವನ್ನು ಒಬ್ಬರ ಕೈಗೇ ಕೊಡಬೇಕೆ?

ಕೊಡುತ್ತ ಹೋದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮೊದಲು ಅಣುವಿಗೆ ಪೇಟೆಂಟ್, ಅದು ಮುಗಿಯುವ ಹೊತ್ತಿಗೆ ಲವಣಕ್ಕೆ, ಆಮೇಲೆ ಹರಳಿಗೆ, ಆಮೇಲೆ ಎರಡು ಔಷಧಗಳ ಜೋಡಣೆಗೆ. ಕರಾರಿನ ಅವಧಿ ಮುಗಿಯುವುದೇ ಇಲ್ಲ. ಎಲ್ಲರ ಸೊತ್ತಾಗಬೇಕಾದದ್ದು ಆಗುವುದೇ ಇಲ್ಲ. ಇದನ್ನು ಅರಿತೇ 2005ರಲ್ಲಿ ಸಂಸತ್ತು ಕಾಯಿದೆ ತಿದ್ದುವಾಗ ಸೆಕ್ಷನ್ 3(ಡಿ) ಎಂಬ ಚಿಕ್ಕ ಕಲಮನ್ನು ಬಿಗಿ ಮಾಡಿತು. ಗೊತ್ತಿರುವ ವಸ್ತುವಿನ ಹೊಸ ರೂಪ ಕಂಡುಹಿಡಿದರೆ ಸಾಲದು, ಆ ರೂಪದಿಂದ ಅದರ ಪರಿಣಾಮ ಹೆಚ್ಚಬೇಕು. ಹೆಚ್ಚದಿದ್ದರೆ ಲವಣವೂ ಹರಳೂ ಹಳೆಯ ವಸ್ತುವೇ ಎಂದು ಲೆಕ್ಕ.

‘ಗುಣ’ ಎಂದರೆ ಏನು?

2003ರಲ್ಲಿ ನೊವಾರ್ಟಿಸ್‌ಗೆ ಗ್ಲಿವೆಕ್ ಮಾರುವ ಏಕಸ್ವಾಮ್ಯ ತಾತ್ಕಾಲಿಕವಾಗಿ ಸಿಕ್ಕಿತು. ಅಷ್ಟರಲ್ಲಾಗಲೇ ಭಾರತೀಯ ಕಂಪನಿಗಳ ಇಮಾಟಿನಿಬ್ ತಿಂಗಳಿಗೆ 8,000ದಿಂದ 10,000 ರೂಪಾಯಿಗೆ ಸಿಗುತ್ತಿತ್ತು. ಪೇಟೆಂಟ್ ಅರ್ಜಿಯನ್ನು ವಿರೋಧಿಸಿ, ಮೂಲ ಔಷಧವನ್ನೇ ಅಗ್ಗವಾಗಿ ತಯಾರಿಸುವ ಇಂಥ ಜೆನೆರಿಕ್ ಕಂಪನಿಗಳ ಜೊತೆಗೆ ಮುಂಬಯಿಯ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಎಂಬ ರೋಗಿಗಳ ಸಂಸ್ಥೆಯೂ ನಿಂತಿತು. ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ಆಕ್ಷೇಪ ಎತ್ತಬಹುದು ಎಂಬುದು ನಮ್ಮ ಕಾಯಿದೆಯ ಇನ್ನೊಂದು ದೊಡ್ಡ ಗುಣ. 2006ರ ಜನವರಿಯಲ್ಲಿ ಚೆನ್ನೈ ಪೇಟೆಂಟ್ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ಸೆಕ್ಷನ್ 3(ಡಿ) ಸಂವಿಧಾನಕ್ಕೆ ವಿರುದ್ಧ ಎಂದು ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2007ರಲ್ಲಿ ಅಲ್ಲೂ ಸೋತಿತು. 2009ರಲ್ಲಿ ಮೇಲ್ಮನವಿ ಮಂಡಳಿಯಲ್ಲೂ ಪೇಟೆಂಟ್ ಸಿಗಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟು.

ಕನ್ನಡದಲ್ಲಿ ‘ಗುಣ’ ಎಂಬ ಒಂದೇ ಮಾತಿಗೆ ಎರಡು ಅರ್ಥ. ಕರಗುವುದು, ಹರಿಯುವುದು, ತೇವ ಹೀರದಿರುವುದು ವಸ್ತುವಿನ ಗುಣ. ಜ್ವರ ಬಿಟ್ಟಾಗ ‘ಗುಣವಾಯಿತು’ ಎನ್ನುತ್ತೇವಲ್ಲ, ಅದೂ ಗುಣ. ಈ ಮೊಕದ್ದಮೆಯ ತಿರುಳು ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲಿತ್ತು. ಕಂಪನಿ ಮೊದಲ ಗುಣವನ್ನು ಎತ್ತಿ ತೋರಿಸಿತು. ಶುದ್ಧ ಇಮಾಟಿನಿಬ್‌ಗೆ ಹೋಲಿಸಿದರೆ ಈ ರೂಪ ಶೇ. 30ರಷ್ಟು ಹೆಚ್ಚು ರಕ್ತಕ್ಕೆ ಸೇರುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗವನ್ನೂ ಮುಂದಿಟ್ಟಿತು. 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ತೀರ್ಪು ಕೊಟ್ಟರು. ಔಷಧದ ವಿಷಯದಲ್ಲಿ ಪರಿಣಾಮ ಎಂದರೆ ಚಿಕಿತ್ಸೆಯ ಪರಿಣಾಮ. ಪುಡಿ ಸರಾಗವಾಗಿ ಹರಿದರೆ, ತೇವ ಹೀರದಿದ್ದರೆ ಕಾರ್ಖಾನೆಗೆ ಅನುಕೂಲ. ಅದರಿಂದ ರೋಗಿಗೆ ಹೆಚ್ಚು ವಾಸಿಯಾಗುತ್ತದೆ ಎಂದು ತೋರಿಸಿಲ್ಲ. ಹೆಚ್ಚು ರಕ್ತಕ್ಕೆ ಸೇರುತ್ತದೆ ಎಂದಷ್ಟೇ ಹೇಳಿದರೂ ಸಾಲದು, ಅದರಿಂದ ಚಿಕಿತ್ಸೆ ಮೇಲಾಯಿತೆಂಬ ಪುರಾವೆ ಬೇಕು. ಕಾಯಿದೆ ಕೇಳಿದ್ದು ಎರಡನೆಯ ಗುಣ.

ತೀರ್ಪಿನಲ್ಲಿ ಇನ್ನೊಂದು ಅಂಶ ದಾಖಲಾಗಿದೆ. ಭಾರತದ ನಾಟ್ಕೋ ಕಂಪನಿ ಇದೇ ಔಷಧವನ್ನು ಬ್ರಿಟನ್ನಿನಲ್ಲಿ ಮಾರಿದಾಗ, ಅದು ತನ್ನ ಹಳೆಯ ಮೂಲ ಪೇಟೆಂಟಿನ ಉಲ್ಲಂಘನೆ ಎಂದು ನೊವಾರ್ಟಿಸ್ ನೋಟಿಸ್ ಕೊಟ್ಟಿತ್ತು. ಮೆಸಿಲೇಟ್ ಅಲ್ಲಿ ಹಳೆಯದಾದರೆ ಇಲ್ಲಿ ಹೊಸದು ಹೇಗಾಗುತ್ತದೆ? ಗ್ಲಿವೆಕ್ ಪಡೆಯುವ ಭಾರತೀಯ ರೋಗಿಗಳಲ್ಲಿ ಬಹುಪಾಲು ಮಂದಿಗೆ ತಾನು ಉಚಿತವಾಗಿಯೇ ಕೊಡುತ್ತಿದ್ದೇನೆ ಎಂದೂ ಕಂಪನಿ ಹೇಳುತ್ತಿತ್ತು. ಆ ದಾನದಿಂದ ಜೀವ ಉಳಿಸಿಕೊಂಡವರಿದ್ದಾರೆ, ಅದನ್ನು ಮನಸ್ಸಾರೆ ನೆನೆಯಬೇಕು. ಆದರೆ ದಾನ ಕೊಡುವವರ ಇಚ್ಛೆಗೆ ಬಿಟ್ಟದ್ದು. ಇವತ್ತು ಇರುತ್ತದೆ, ನಾಳೆ ನಿಲ್ಲಬಹುದು. ಕೈಗೆಟುಕುವ ಬೆಲೆಯಾದರೆ ಯಾರ ಮುಂದೆಯೂ ಕೈಚಾಚದೆ ಅಂಗಡಿಗೆ ಹೋಗಿ ಕೊಳ್ಳಬಹುದು.

ಸಂಶೋಧನೆಗೆ ದುಡ್ಡು ಎಲ್ಲಿಂದ?

ಔಷಧ ಅಗ್ಗವಾದರೆ ಮುಂದಿನ ಔಷಧ ಹುಡುಕುವವರು ಯಾರು? ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗಬಾರದು. ಹೊಸ ಔಷಧ ತರುವುದು ದುಬಾರಿ ಕೆಲಸ. ಸೋತ ಪ್ರಯತ್ನಗಳ ಖರ್ಚನ್ನೂ ಗೆದ್ದ ಔಷಧವೇ ಹೊರಬೇಕು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಸುಮಾರು 98.5 ಕೋಟಿ ಡಾಲರ್ ಎಂಬ ಮಧ್ಯಮ ಅಂದಾಜು ಕೊಟ್ಟಿತು. ಔಷಧ ಉದ್ಯಮ ಮುಂದಿಡುವ ಅಂದಾಜು 260 ಕೋಟಿ ಡಾಲರ್. ಎರಡು ಅಂದಾಜುಗಳ ನಡುವೆಯೇ ಇಷ್ಟು ಅಂತರ.

ಇಮಾಟಿನಿಬ್ ಇಲ್ಲಿ ಒಳ್ಳೆಯ ಪಾಠ ಹೇಳುತ್ತದೆ. ಅಮೆರಿಕದಲ್ಲಿ 2001ರಲ್ಲಿ ಅದರ ಬೆಲೆ ವರ್ಷಕ್ಕೆ ಸುಮಾರು 30,000 ಡಾಲರ್ ಇತ್ತು. 2012ರಲ್ಲಿ ಸುಮಾರು 92,000 ಡಾಲರ್. ಔಷಧ ಬಂದ ದಿನವೇ ಅದನ್ನು ಕಂಡುಹಿಡಿದ ಖರ್ಚು ಮುಗಿದಿತ್ತು. ಆಮೇಲಿನ ವರ್ಷಗಳಲ್ಲಿ ಕೊಳ್ಳುವವರು ಹೆಚ್ಚಿದರು, ಏಕೆಂದರೆ ರೋಗಿಗಳು ಬದುಕಿ ಉಳಿದರು. ಆದರೂ ಬೆಲೆ ಮೂರು ಪಟ್ಟಾಯಿತು. 2013ರಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ಸಿಎಂಎಲ್ ತಜ್ಞರು ‘ಬ್ಲಡ್’ ಎಂಬ ವೈದ್ಯಪತ್ರಿಕೆಯಲ್ಲಿ ಒಟ್ಟಾಗಿ ಬರೆದು, ಈ ಬೆಲೆಗಳು ತಾಳಿಕೊಳ್ಳಲಾಗದವು ಎಂದರು. ಶ್ರೀಮಂತ ದೇಶದ ವೈದ್ಯರೂ ತಮ್ಮ ರೋಗಿಗಳು ಔಷಧ ಬಿಡುವುದನ್ನು ಕಣ್ಣಾರೆ ಕಂಡಿದ್ದರು.

ರೌಲಿಯವರ ಊಟದ ಮೇಜನ್ನೂ ಇಲ್ಲಿ ನೆನೆಯಬೇಕು. ಫಿಲಡೆಲ್ಫಿಯಾದ ವರ್ಣತಂತು, ಶಿಕಾಗೋದ ಕತ್ತರಿ, ಬೆಸೆದ ಜೀನನ್ನು ಗುರುತಿಸಿದ ಪ್ರಯೋಗಾಲಯಗಳು, ಡ್ರುಕರ್ ಅವರ ಹಟ, ಇವುಗಳ ಹಿಂದೆ ಜನರ ತೆರಿಗೆಯ ಹಣ, ವಿಶ್ವವಿದ್ಯಾಲಯಗಳ ಸಂಬಳ, ದಾನಿಗಳ ನಿಧಿ ಇದ್ದವು. ಕಂಪನಿಯ ಪಾಲು ದೊಡ್ಡದು, ಆದರೆ ಅದು ಪಾಲು. ಪಾಲುದಾರರು ಹಲವರಿರುವಾಗ ಫಲವನ್ನು ಒಬ್ಬರೇ ಬಾಚಿಕೊಳ್ಳುವುದು ಯಾವ ಊರಿನ ಪಂಚಾಯ್ತಿಯಲ್ಲೂ ನ್ಯಾಯವೆನಿಸುವುದಿಲ್ಲ.

ಕಾಯಿದೆಯಲ್ಲಿ ಇದಕ್ಕೊಂದು ಮಧ್ಯದ ದಾರಿಯೂ ಇದೆ. ಅದು ಕಡ್ಡಾಯ ಪರವಾನಗಿ. ಪೇಟೆಂಟ್ ಕೊಟ್ಟು ಮೂರು ವರ್ಷ ಕಳೆದರೂ ಔಷಧ ಜನರಿಗೆ ಸಾಕಷ್ಟು ಸಿಗದಿದ್ದರೆ, ಬೆಲೆ ಕೈಗೆಟುಕದಿದ್ದರೆ ಅಥವಾ ಪೇಟೆಂಟ್ ಇಲ್ಲಿ ಕಾರ್ಯರೂಪಕ್ಕೆ ಬರದಿದ್ದರೆ, ಬೇರೊಬ್ಬರು ತಯಾರಿಸಲು ಸರ್ಕಾರ ಅನುಮತಿ ಕೊಡಬಹುದು. ಪೇಟೆಂಟ್ ಉಳಿಯುತ್ತದೆ, ಅದರ ಒಡೆಯರಿಗೆ ರಾಯಧನ ಸಲ್ಲುತ್ತದೆ. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರ್‌ಗೆ ಬಳಸುವ ಬೇಯರ್ ಕಂಪನಿಯ ನೆಕ್ಸಾವರ್ ತಿಂಗಳಿಗೆ 2,80,000 ರೂಪಾಯಿ ದಾಟಿತ್ತು. 2012ರ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕ ಪಿ.ಎಚ್. ಕುರಿಯನ್ ನಾಟ್ಕೋಗೆ ಪರವಾನಗಿ ಕೊಟ್ಟರು. ಬೆಲೆ 8,880 ರೂಪಾಯಿ, ಶೇ. 6ರ ರಾಯಧನ, ಮೇಲ್ಮನವಿಯಲ್ಲಿ ಅದು ಶೇ. 7 ಆಯಿತು. ಇದು ಭಾರತದ ಮೊದಲ ಕಡ್ಡಾಯ ಪರವಾನಗಿ. ಆನಂತರ ಬಂದ ಬೇರೆ ಕಂಪನಿಗಳ ಅರ್ಜಿಗಳು ತಿರಸ್ಕೃತವಾದವು. ಒರೆಯಲ್ಲಿರುವ ಕತ್ತಿಗೂ ಬೆಲೆಯಿದೆ ನಿಜ, ಆದರೆ ಅದು ಒರೆಯಲ್ಲೇ ತುಕ್ಕು ಹಿಡಿಯದಂತೆ ನೋಡಿಕೊಳ್ಳುವವರು ಬೇಕು.

ಮತ್ತೊಂದು ಲವಣ

ಗ್ಲಿವೆಕ್ ತೀರ್ಪಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಅದೇ 3(ಡಿ) ಕಲಮು ಇನ್ನೊಮ್ಮೆ ಪರೀಕ್ಷೆಗೆ ಬಂತು. ಈ ಸಲದ ರೋಗ ಕ್ಷಯ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಹಿಂದೆ ತಿಂಗಳುಗಟ್ಟಲೆ ಚುಚ್ಚುಮದ್ದು ಕೊಡಬೇಕಿತ್ತು. ಆ ಚುಚ್ಚುಮದ್ದು ಒಳಕಿವಿಯ ಸೂಕ್ಷ್ಮ ಕೋಶಗಳನ್ನು ಕೊಲ್ಲುತ್ತದೆ. ಕ್ಷಯ ಹೋದರೂ ಕೆಲವರ ಕಿವಿ ಶಾಶ್ವತವಾಗಿ ಹೋಗುತ್ತದೆ. 2012ರಲ್ಲಿ ಅಮೆರಿಕದ ಅನುಮತಿ ಪಡೆದ ಬೆಡಾಕ್ವಿಲಿನ್ ಮಾತ್ರೆ ಈ ಸಂಕಟಕ್ಕೆ ಕೊನೆ ಹಾಡುವ ಭರವಸೆ ತಂದಿತು. ನಲವತ್ತು ವರ್ಷಗಳಲ್ಲಿ ಕ್ಷಯಕ್ಕೆ ಬಂದ ಮೊದಲ ಹೊಸ ಬಗೆಯ ಔಷಧ ಅದು.

ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿಯ ಆ ಅಣುವಿನ ಪೇಟೆಂಟ್ ಭಾರತದಲ್ಲಿ 2023ರ ಜುಲೈನಲ್ಲಿ ಮುಗಿಯಬೇಕಿತ್ತು. ಅದರ ಫ್ಯೂಮರೇಟ್ ಲವಣಕ್ಕೆ ಇನ್ನೊಂದು ಅರ್ಜಿ ಬಂದಿತ್ತು. ಅದು ಒಪ್ಪಿತವಾಗಿದ್ದರೆ ಏಕಸ್ವಾಮ್ಯ 2027ರವರೆಗೆ ಎಳೆಯುತ್ತಿತ್ತು. 2019ರಲ್ಲಿ ಇಬ್ಬರು ಹೆಣ್ಣುಮಕ್ಕಳು ಇದಕ್ಕೆ ಆಕ್ಷೇಪ ಸಲ್ಲಿಸಿದರು. ಒಬ್ಬರು ಮುಂಬಯಿಯ ನಂದಿತಾ ವೆಂಕಟೇಶನ್, ಇನ್ನೊಬ್ಬರು ದಕ್ಷಿಣ ಆಫ್ರಿಕದ ಫುಮೇಜಾ ಟಿಸಿಲೆ. ಇಬ್ಬರೂ ಕ್ಷಯದಿಂದ ಪಾರಾದವರು, ಇಬ್ಬರೂ ಹಳೆಯ ಚಿಕಿತ್ಸೆಯಿಂದ ಕಿವಿ ಕಳೆದುಕೊಂಡವರು. ಮತ್ತೆ ಅದೇ ವಾದ: ಲವಣ ಬದಲಾದರೆ ಸಾಕೇ, ಗುಣ ಹೆಚ್ಚಬೇಕಲ್ಲವೇ? 2023ರ ಮಾರ್ಚ್ 23ರಂದು ಮುಂಬಯಿ ಪೇಟೆಂಟ್ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. ಜುಲೈ ಕಳೆಯುತ್ತಿದ್ದಂತೆ ಭಾರತೀಯ ಕಂಪನಿಗಳಿಗೆ ದಾರಿ ತೆರೆಯಿತು. ಆಗಸ್ಟ್ ಕೊನೆಗೆ ಜಾಗತಿಕ ಖರೀದಿ ವ್ಯವಸ್ಥೆಯಲ್ಲಿ ಆರು ತಿಂಗಳ ಚಿಕಿತ್ಸೆಯ ಬೆಲೆ ಅರ್ಧಕ್ಕಿಂತಲೂ ಕೆಳಗಿಳಿದು 130 ಡಾಲರಿಗೆ ಬಂತು.

ಮಾತ್ರೆಯ ಬಣ್ಣ, ತೂಕ, ಕರಗುವ ವೇಗ ಅದರೊಳಗೇ ಇರುತ್ತವೆ. ಯಾವ ಪ್ರಯೋಗಾಲಯದಲ್ಲಿ ಅಳೆದರೂ ಒಂದೇ ಉತ್ತರ ಬರುತ್ತದೆ. ಬೆಲೆ ಹಾಗಲ್ಲ. ಅದನ್ನು ಒಂದು ಕರಾರು ಬರೆಯುತ್ತದೆ, ಕರಾರಿನ ಇನ್ನೊಂದು ಬದಿಯಲ್ಲಿ ನಾವಿದ್ದೇವೆ. ನಂದಿತಾ ಮತ್ತು ಫುಮೇಜಾ ಆ ಬದಿಯಲ್ಲಿ ನಿಂತು ತಮ್ಮ ಹೆಸರು ಬರೆದರು. ಗೆದ್ದದ್ದರಿಂದ ಅವರ ಕಿವಿ ಮರಳಿ ಬರುವಂತಿರಲಿಲ್ಲ. ಅವರಿಗೆ ಆಗ ಆ ಔಷಧವೂ ಬೇಕಿರಲಿಲ್ಲ. ಮುಂದೆ ಕ್ಷಯ ತಗಲುವ ಯಾವುದೋ ಊರಿನ ಯಾವುದೋ ಹುಡುಗಿಗೆ ಗುಣವಾದ ಮೇಲೂ ಅಮ್ಮನ ದನಿ ಕೇಳುತ್ತಿರಲಿ ಎಂದು ಅವರು ಹೋರಾಡಿದರು.